ಚರ್ಚಿನ ನೆಲಮಾಳಿಗೆಯಲ್ಲಿ ಕ್ರಯಪತ್ರ ಓದಿಸಿದ್ದು: ನನ್ನ ಅನುಭವ

"ದುಡ್ಡು ಕೊಟ್ಟು ಓದಿಸಿದರೆ ಅದು ಸಮುದಾಯದ ಕೆಲಸ ಹೇಗಾಗುತ್ತೆ?" ಹಳೆಯ ಮನೆ ಕ್ರಯಪತ್ರಗಳನ್ನು ಊರಿನವರಿಂದ ಓದಿಸುವ ನಮ್ಮ ಯೋಜನೆಯ ಸಲಹಾ ಸಮಿತಿಯಲ್ಲಿ ಹೀಗೆ ಕೇಳಿದವರು ಮೂವರು. ಹೋದ ತಿಂಗಳು ಅವರಲ್ಲೇ ಇಬ್ಬರು ನಮ್ಮ ಪದ್ಧತಿ ಬರೆದುಕೊಡಿ ಅಂತ ಕೇಳಿದರು. ಕನ್ನಡದಲ್ಲೂ ಇರಲಿ ಅಂತ ಬರೆಯುತ್ತಿದ್ದೇನೆ. ಸ್ಕ್ಯಾನಿಂಗ್, ಓಸಿಆರ್ (ಪುಟದ ಚಿತ್ರದಿಂದ ಕಂಪ್ಯೂಟರೇ ಅಕ್ಷರ ಓದುವುದು), ನಕ್ಷೆ ಜೋಡಣೆ ನಿಮಗೆ ಗೊತ್ತಿರುವುದೇ. ಅದನ್ನು ವಿವರಿಸುವುದಿಲ್ಲ.

ನಾನಿರುವುದು ಅಮೆರಿಕದ ಮಿನ್ನೆಸೋಟಾದಲ್ಲಿ, ಒಂದು ವಿಶ್ವವಿದ್ಯಾಲಯದ ಸಣ್ಣ ಕೇಂದ್ರದಲ್ಲಿ. ಬಿಳಿಯರಲ್ಲದವರಿಗೆ ಮನೆ ಮಾರಬಾರದು, ಬಾಡಿಗೆಗೂ ಕೊಡಬಾರದು ಅಂತ ಹಳೆಯ ಕ್ರಯಪತ್ರಗಳಲ್ಲಿ ಬರೆದಿಟ್ಟ ನಿರ್ಬಂಧ ಹುಡುಕಿ ನಕ್ಷೆಗೆ ಏರಿಸುವುದು ನಮ್ಮ ಕೆಲಸ. ದಾರಿ ಹಾಕಿಕೊಟ್ಟದ್ದು 2016ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಶುರುವಾದ ಮ್ಯಾಪಿಂಗ್ ಪ್ರೆಜುಡಿಸ್ ತಂಡ. ಆ ಒಂದು ಊರಲ್ಲೇ ಸುಮಾರು 8,000 ಆಸ್ತಿಗಳ ಮೇಲೆ ಇಂಥ ನಿರ್ಬಂಧ ಸಿಕ್ಕಿತ್ತು. 1910ರ ಮೊದಲನೆಯದರಲ್ಲಿ ಚೀನೀ, ಜಪಾನೀ, ಮೂರಿಷ್, ತುರ್ಕಿ, ನೀಗ್ರೋ, ಮಂಗೋಲಿಯನ್, ಆಫ್ರಿಕನ್ ರಕ್ತದವರು ಅಂತ ಪಟ್ಟಿಯೇ ಇದೆ. ನಾವು ಬೇರೆ ಕೌಂಟಿ (ಇಲ್ಲಿನ ಜಿಲ್ಲೆ), ಅವರ ಕಾಲು ಭಾಗ ಹಣವೂ ನಮಗಿರಲಿಲ್ಲ.

ಮೊದಲ ವರ್ಷ ಪೂರಾ ಸೋಲು. ಆನ್‌ಲೈನಿನಲ್ಲಿ ಸ್ವಯಂಸೇವಕರನ್ನು ಕರೆದೆವು, ಮುನ್ನೂರು ಚಿಲ್ಲರೆ ಜನ ಹೆಸರು ಕೊಟ್ಟರು. ಎರಡು ವಾರ ಕಳೆದ ಮೇಲೆ ಓದುತ್ತಿದ್ದವರು ನಲವತ್ತೂ ಇಲ್ಲ, ಪರೀಕ್ಷೆ ಬಂತು ಅಂತ ಅವರೂ ಹೋದರು. ಓಸಿಆರ್ ಇನ್ನೊಂದು ಗೋಳು. ಹಳೆಯ ಪತ್ರಗಳ ಮೈಕ್ರೋಫಿಲ್ಮ್ ರೀಲುಗಳಲ್ಲಿ ಅರ್ಧಕ್ಕರ್ಧ ಪುಟಗಳು ಕಪ್ಪು ಹಾಳೆ, ಬಿಳಿ ಅಕ್ಷರ. ‘ವೈಟ್’ ಅನ್ನುವ ಪದ ಹುಡುಕಲು ಬಿಟ್ಟರೆ ವೈಟ್ ಅನ್ನುವ ಮನೆತನದವರ ಪತ್ರಗಳೆಲ್ಲ ಸಾಲಾಗಿ ಬಂದವು. ಒಂದು ಇಡೀ ವಾರ ನಾನು ಓದಿದ್ದು ಆ ಮನೆತನದ ಅಡಮಾನಗಳನ್ನು!

ಆಗ ಕೈ ಹಿಡಿದದ್ದು ಅಪ್ಪನ ಮಾತು. ಅವರು ತಿಪಟೂರಿನಲ್ಲಿ ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು ಪತ್ರ ಬರೆಯುತ್ತಿದ್ದರು. "ಚೆಕ್ಕುಬಂದಿ ಮುಗಿದ ಮೇಲೆ ನಿಧಾನವಾಗಿ ಓದು, ಕುತ್ತಿಗೆಗೆ ಬರೋದೆಲ್ಲ ಅಲ್ಲಿರುತ್ತೆ" ಅನ್ನುತ್ತಿದ್ದರು. ಇಲ್ಲಿಯೂ ಅಷ್ಟೇ. ಸೈಟಿನ ವಿವರ ಮುಗಿದ ಕೂಡಲೇ ಮನೆ ಇಷ್ಟು ಡಾಲರಿಗೆ ಕಡಿಮೆಯದಾಗಬಾರದು, ರಸ್ತೆಯಿಂದ ಇಷ್ಟು ಅಡಿ ಬಿಡಬೇಕು ಅನ್ನುವ ಷರತ್ತುಗಳು, ಅವುಗಳ ನಡುವೆ ಜನಾಂಗದ ಷರತ್ತು. ಆಮೇಲಿನ ಪತ್ರಗಳಲ್ಲಿ ಅದನ್ನು ಮತ್ತೆ ಬರೆಯದೆ "ದಾಖಲಾದ ನಿರ್ಬಂಧಗಳಿಗೆ ಒಳಪಟ್ಟು" ಅಂತ ಒಂದು ಸಾಲು ಹಾಕಿ ಮುಗಿಸುತ್ತಾರೆ. ಹಾಗಾಗಿ ಬಡಾವಣೆ ಮಾಡಿದವನ ಮೊದಲ ಮಾರಾಟ ಹಿಡಿಯಬೇಕು. ಅದನ್ನು ಬೇಗ ಹಿಡಿಯಲು ನಾವು ರೀಲುಗಳನ್ನು ಒಂದು ಕ್ರಮದಲ್ಲಿ ಜೋಡಿಸಿಕೊಳ್ಳುತ್ತೇವೆ. ಆ ಕ್ರಮ ಇಲ್ಲಿ ಬರೆಯುವುದಿಲ್ಲ, ಆದರೆ ನಮ್ಮ ಕೆಲಸ ಮೂರು ಪಟ್ಟು ಬೇಗ ಆದದ್ದು ಅದರಿಂದಲೇ.

ಎರಡನೇ ವರ್ಷ ಕಪ್ಪು ಜನರ ಒಂದು ಚರ್ಚಿಗೆ ಹೋದೆ. ಅಲ್ಲಿನ ಪಾಸ್ಟರ್ ನೇರವಾಗಿ ಹೇಳಿದರು, "ಯೂನಿವರ್ಸಿಟಿಯವರು ಬರ್ತಾರೆ, ಬರ್ಕೊಂಡು ಹೋಗ್ತಾರೆ, ಮತ್ತೆ ತಿರುಗಿ ನೋಡಲ್ಲ." ಓದುವವರಿಗೆ ಗಂಟೆಗೆ 25 ಡಾಲರ್ ಕೊಡುತ್ತೇವೆ ಅಂದೆ. ಹದಿನಾಲ್ಕು ಜನ ಬಂದರು, ಹೆಚ್ಚಿನವರು ಎಪ್ಪತ್ತು ದಾಟಿದವರು. ಗುರುವಾರ ಸಂಜೆ ಆರರಿಂದ ಎಂಟು, ಜೊತೆಗೆ ಊಟ. ಆದರೆ ತೆರಿಗೆ ಫಾರಂ, ವೆಂಡರ್ ನೋಂದಣಿ ಅಂತ ಎಳೆದಾಡಿ ಮೊದಲ ಚೆಕ್ ಬರಲು ಹನ್ನೊಂದು ವಾರ ಹಿಡಿಯಿತು. ಅಷ್ಟರೊಳಗೆ ಐದು ಜನ ಬಿಟ್ಟರು. ಉಳಿದವರಿಗೆ ನನ್ನ ಕೈಯಿಂದ ಸುಮಾರು 1,400 ಡಾಲರ್ ಕೊಟ್ಟೆ, ಅದು ಇವತ್ತಿಗೂ ವಾಪಸ್ ಬಂದಿಲ್ಲ.

ಅಲ್ಲಿಂದ ಲೆಕ್ಕವನ್ನೇ ತಿರುಗಿಸಿದೆವು. ಮುಂದಿನ ಅನುದಾನ ಅರವತ್ತು ಸಾವಿರ ಡಾಲರಿನ ಹತ್ತಿರ. ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮೊದಲೇ ಚರ್ಚಿಗೆ ಒಪ್ಪಂದದ ಮೇಲೆ ಕೊಟ್ಟೆವು. ಓದುವವರಿಗೆ ಚರ್ಚೇ ಅದೇ ರಾತ್ರಿ ಹಣ ಕೊಡುತ್ತದೆ. ಯಾರನ್ನು ಸೇರಿಸಬೇಕು, ಯಾವ ಬೀದಿ ಮೊದಲು ಅನ್ನುವುದೂ ಅವರದೇ ತೀರ್ಮಾನ. ವಿಶ್ವವಿದ್ಯಾಲಯದ ಹಣಕಾಸು ವಿಭಾಗವನ್ನು ಇದಕ್ಕೆ ಒಪ್ಪಿಸಲು ಏಳು ತಿಂಗಳು ಬೇಕಾಯಿತು. ಬಿಟ್ಟುಹೋದ ಐವರಲ್ಲಿ ನಾಲ್ವರು ಮರಳಿ ಬಂದರು. ಒಂದೇ ಪತ್ರವನ್ನು ಮೂವರು ಬೇರೆಬೇರೆಯಾಗಿ ಓದುವುದು ನಮ್ಮ ಪದ್ಧತಿ. ದುಡ್ಡಿನ ಆಸೆಗೆ ಇಲ್ಲದ್ದನ್ನೂ ಇದೆ ಅನ್ನುತ್ತಾರೆ ಅಂತ ಕೆಲವರು ಹೆದರಿಸಿದ್ದರು, ಆದರೆ ನೂರಕ್ಕೆ ತೊಂಬತ್ತಾರು ತೊಂಬತ್ತೇಳು ಪತ್ರಗಳಲ್ಲಿ ಮೂವರ ಉತ್ತರವೂ ಒಂದೇ ಬಂತು. ಮೊದಲು ಓದಿದ್ದ ವಿದ್ಯಾರ್ಥಿ ಸ್ವಯಂಸೇವಕರದ್ದು ಎಂಬತ್ತೈದು ದಾಟಿರಲಿಲ್ಲ.

ಒಂದು ಗುರುವಾರ ಒಬ್ಬ ಅಜ್ಜಿ ಓದುತ್ತಾ ನಿಲ್ಲಿಸಿಬಿಟ್ಟರು. ಕಪ್ಪು ಜನ ಇಲ್ಲಿ ವಾಸಿಸಬಾರದು ಅಂತ ಬರೆದು "ಮನೆಗೆಲಸದವರನ್ನು ಹೊರತುಪಡಿಸಿ" ಅಂತ ಸೇರಿಸಿದ್ದರು. ಅವರ ತಾಯಿ ಅದೇ ಬೀದಿಯಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದ್ದರಂತೆ. ಅವತ್ತು ಯಾರೂ ಮುಂದಿನ ಪುಟ ತೆರೆಯಲಿಲ್ಲ. ಆ ಎರಡು ಗಂಟೆಗೂ ಪೂರ್ತಿ ಹಣ ಕೊಟ್ಟೆವು, ಈಗ ಅಂಥ ಸಂಜೆಗಳಿಗೆ ಅಂತಲೇ ಬಜೆಟ್ಟಿನಲ್ಲಿ ಒಂದು ಸಾಲು ಇಟ್ಟಿದ್ದೇವೆ. ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮೂರಲ್ಲಿ ಕೇರಿ ಊರಾಚೆ ಇರೋಕೆ ಯಾವ ಪತ್ರಾನೂ ಬೇಕಾಗಿರ್ಲಿಲ್ಲ ಅಲ್ವಾ" ಅಂದರು.

ಅಮ್ಮನ ಆ ಮಾತೇ ಇನ್ನೊಂದು ಪ್ರಯೋಗಕ್ಕೆ ಎಳೆಯಿತು. ನಕ್ಷೆಯಲ್ಲಿ ನಿರ್ಬಂಧ ಸಿಗದ ಬೀದಿಗಳು ಖಾಲಿ ಕಾಣುತ್ತಿದ್ದವು. ನೋಡಿದವರು ಅಲ್ಲಿ ಎಲ್ಲರಿಗೂ ಮನೆ ಸಿಗುತ್ತಿತ್ತು ಅಂದುಕೊಳ್ಳುತ್ತಿದ್ದರು. ಹಿರಿಯರು ಒಪ್ಪಲಿಲ್ಲ. ಮಿನಿಯಾಪೊಲಿಸ್‌ನಲ್ಲಿ 1931ರ ಬೇಸಿಗೆಯಲ್ಲಿ ಕಪ್ಪು ಜನಾಂಗದ ಆರ್ಥರ್ ಲೀ ಕೊಲಂಬಸ್ ಅವೆನ್ಯೂದಲ್ಲಿ ಮನೆ ಕೊಂಡಾಗ ಸಾವಿರಾರು ಜನ ಬಂದು ಮುತ್ತಿಗೆ ಹಾಕಿದ್ದರು. ಲೀ ಮೊದಲ ಮಹಾಯುದ್ಧಕ್ಕೆ ಹೋಗಿ ಬಂದವರು, ಅಂಚೆ ಇಲಾಖೆಯ ನೌಕರರು, ಅವರ ಪಾಡೇ ಹಾಗಾಗಿತ್ತು. ಆ ಕುಟುಂಬದ ಪರ ನಿಂತ ವಕೀಲೆ ಲೀನಾ ಆಲಿವ್ ಸ್ಮಿತ್ ಹೆಸರು ಹೇಳುವಾಗ ಇಲ್ಲಿನ ಹಿರಿಯರ ಬೆನ್ನು ಇವತ್ತಿಗೂ ನೆಟ್ಟಗಾಗುತ್ತದೆ. ನಮ್ಮ ಕೌಂಟಿಯಲ್ಲೂ ಯಾವ ಬೀದಿಯಲ್ಲಿ ಕಲ್ಲು ತೂರಿದರು, ಯಾವ ಬ್ಯಾಂಕು ಸಾಲ ಕೊಡಲಿಲ್ಲ ಅಂತ ಅವರಿಂದ ಹೇಳಿಸಿ ನೆನಪಿನದೇ ಒಂದು ಪದರ ಮಾಡಿದೆವು. ಅದಕ್ಕೆ ಬೇರೆ ಬಣ್ಣ, ಪತ್ರದ ಸಾಕ್ಷ್ಯದ ಜೊತೆ ಬೆರೆಸಿಲ್ಲ. ಇನ್ನೂ ಅರೆಬರೆ, ಆದರೆ ಚರ್ಚಿನವರು ಮೊದಲು ತೆರೆಯುವುದು ಅದನ್ನೇ.

1948ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟು ಈ ನಿರ್ಬಂಧಗಳನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಅಂದಿತ್ತು, 1968ರ ಫೇರ್ ಹೌಸಿಂಗ್ ಕಾಯ್ದೆ ಪೂರ್ತಿ ಕಾನೂನುಬಾಹಿರ ಮಾಡಿತು. ಸಾಲುಗಳು ಮಾತ್ರ ಪತ್ರದಲ್ಲೇ ಉಳಿದವು. ಅವು ರದ್ದು ಅಂತ ಮನೆಯವರೇ ದಾಖಲಿಸಲು ಮಿನ್ನೆಸೋಟಾ 2019ರಲ್ಲಿ ದಾರಿ ಮಾಡಿತು. ನಮಗೆ ಈವರೆಗೆ ಸಿಕ್ಕಿದ್ದು ನಾನೂರ ಹತ್ತೋ ಹನ್ನೆರಡೋ ನಿರ್ಬಂಧಗಳು. ಅರವತ್ತರ ಸುಮಾರು ಮನೆಯವರು ರದ್ದತಿ ದಾಖಲಿಸಿದ್ದಾರೆ, ಶುಲ್ಕವಿಲ್ಲದೆ ನೆರವಾಗುವ ವಕೀಲರು ಇಬ್ಬರಿದ್ದಾರೆ. ಈ ಸಲದ ಒಪ್ಪಂದದಲ್ಲಿ ಚರ್ಚಿನವರು ಹೊಸ ಷರತ್ತೊಂದನ್ನು ಬರೆಸಿದರು: ನಮ್ಮ ಕೇಂದ್ರ ಮುಚ್ಚಿದರೆ ಇಡೀ ದತ್ತಾಂಶ ಅವರದು. ಸಹಿ ಹಾಕಿದ್ದೇವೆ. ಬರುವ ಗುರುವಾರ 1938ರ ರೀಲು.