ಮನೆಯ ಬಗ್ಗೆ ಬರೆಯಿರಿ, ಬರುವವರ ಬಗ್ಗೆ ಬೇಡ

ಮನೆ ಮಾರಾಟಕ್ಕೋ ಬಾಡಿಗೆಗೋ ಇದೆ ಅಂತ ಜಾಹೀರಾತು ಬರೆಯಲು ಕೂತರೆ ಮೊದಲು ಹೊಳೆಯುವುದು 'ಸುಂದರ', 'ವಿಶಾಲ', 'ಭವ್ಯ' ಅನ್ನುವ ಮಾತುಗಳೇ. ಇವು ಯಾವ ಮನೆಗಾದರೂ ಹೊಂದುತ್ತವೆ. ಅದಕ್ಕೇ ಓದುವವರ ಕಣ್ಣು ಅಲ್ಲಿ ನಿಲ್ಲುವುದಿಲ್ಲ.

ಮೊದಲು ಅಳತೆ ಟೇಪು ಹಿಡಿದು ಮನೆ ಸುತ್ತಿ. 'ವಿಶಾಲ ಹಾಲ್' ಅನ್ನುವ ಬದಲು '18 ಅಡಿ ಉದ್ದ, 12 ಅಡಿ ಅಗಲದ ಹಾಲ್, ಪೂರ್ವಕ್ಕೆ ಎರಡು ಕಿಟಕಿ' ಎಂದು ಬರೆಯಿರಿ. ಒಟ್ಟು ಚದರಡಿ ಹೇಳುವಾಗ ಗೋಡೆಯ ದಪ್ಪ, ಬಾಲ್ಕನಿ ಸೇರಿದೆಯೋ ಇಲ್ಲವೋ ತಿಳಿಸಿ. ಗೋಡೆಗೆ ತೇವ ಹಿಡಿದಿದ್ದರೆ ಅದನ್ನೂ ಬರೆಯಿರಿ. ನೋಡಲು ಬಂದವರಿಗೆ ಹೇಗೂ ಕಾಣುತ್ತದೆ, ಸುಮ್ನೆ ಇಬ್ಬರ ಸಮಯವೂ ಹಾಳು.

ಆಮೇಲೆ ಜಾಸ್ತಿ ಎಚ್ಚರ ಬೇಕಾದ ಕೆಲಸ. 'ಇಂಥವರಿಗೆ ಮಾತ್ರ' ಅನ್ನುವ ಸಾಲು ನೇರವಾಗಿ ಬಾಗಿಲು ಹಾಕುತ್ತದೆ. ಅಮೆರಿಕದಲ್ಲಿ 1968ರ ಕಾನೂನು ಜನಾಂಗ, ಬಣ್ಣ, ಧರ್ಮ, ಮೂಲ ದೇಶ ನೋಡಿ ಆರಿಸುವ ಮನೆ ಜಾಹೀರಾತನ್ನು ನಿಷೇಧಿಸಿತು. 1974ರಲ್ಲಿ ಲಿಂಗ, 1988ರಲ್ಲಿ ಅಂಗವಿಕಲತೆ ಮತ್ತು ಮಕ್ಕಳಿರುವ ಕುಟುಂಬ ಆ ಪಟ್ಟಿಗೆ ಸೇರಿದವು. ಆಗ ಬರೆಯುವವರಿಗೆ ಗೊಂದಲ. 'ಬಸ್ ನಿಲ್ದಾಣಕ್ಕೆ ನಡೆದು ಹೋಗಬಹುದು' ಅಂದರೆ ನಡೆಯಲಾಗದವರಿಗೆ ಬೇಡ ಅಂದಂತೆಯೇ? ಅಲ್ಲ ಎಂದು ಅಲ್ಲಿನ ವಸತಿ ಇಲಾಖೆ 1995ರಲ್ಲಿ ತಿಳಿಸಿತು. 'ಫ್ಯಾಮಿಲಿ ರೂಮ್' (ಮನೆಯವರೆಲ್ಲ ಸೇರಿ ಕೂರುವ ಕೋಣೆ), 'ಹೊರಗಿನ ಒಳ್ಳೆಯ ನೋಟ' ಕೂಡ ಸರಿಯೇ ಅಂದಿತು. ಆ ಮಾತುಗಳು ಮನೆಯನ್ನು ಹೇಳುತ್ತವೆ, ಅಲ್ಲಿ ಯಾರಿರಬೇಕು ಎಂದು ಹೇಳುವುದಿಲ್ಲ. ಯಾವ ದೇಶದ ಜಾಹೀರಾತಿಗೂ ಈ ಅಳತೆಗೋಲು ಸಾಕು ಅಂತ ನನ್ನ ನಂಬಿಕೆ. ಕಾನೂನು ಮಾತ್ರ ಊರಿಂದೂರಿಗೆ ಬೇರೆ, ನಿಮ್ಮಲ್ಲಿ ಏನಿದೆ ನೋಡಿಕೊಳ್ಳಿ.

ಕಷ್ಟ ಇರುವುದು ಒಳ್ಳೆಯ ಮನಸ್ಸಿನಿಂದ ಬರೆದ ಸಾಲುಗಳಲ್ಲಿ. 'ವಯಸ್ಸಾದವರಿಗೆ ಆಗುವುದಿಲ್ಲ' ಎಂದು ಕಾಳಜಿಯಿಂದಲೇ ಬರೆದಿರುತ್ತೀರಿ. ಆದರೆ ಎಪ್ಪತ್ತು ದಾಟಿಯೂ ಸಲೀಸಾಗಿ ಮೆಟ್ಟಿಲು ಹತ್ತುವವರಿದ್ದಾರೆ, ಅಲ್ವಾ? 'ಮೂರನೇ ಮಹಡಿ, 44 ಮೆಟ್ಟಿಲು, ಲಿಫ್ಟ್ ಇಲ್ಲ' ಎಂದು ಬರೆದು ತೀರ್ಮಾನ ಅವರಿಗೇ ಬಿಡಿ. ಹಾಗೆಯೇ, ಬಾಗಿಲು ತೆರೆದಾಗ 32 ಇಂಚು ದಾರಿ ಸಿಗುತ್ತದೆ ಎಂದು ಬರೆದರೆ ಗಾಲಿಕುರ್ಚಿ ಬಳಸುವವರು ಮನೆಯಲ್ಲೇ ಕೂತು ತಮ್ಮ ಕುರ್ಚಿ ಒಳಗೆ ಹೋಗುತ್ತದೋ ಇಲ್ಲವೋ ಲೆಕ್ಕ ಹಾಕಬಹುದು. 'ಚಿಕ್ಕ ಕುಟುಂಬಕ್ಕೆ ಸೂಕ್ತ' ಅನ್ನುವ ಕಡೆ 'ಎರಡು ಮಲಗುವ ಕೋಣೆ' ಸಾಕು.

'ಒಳ್ಳೆ ಜನ ಇರುವ ಏರಿಯಾ' ಅನ್ನುವ ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತದೆ. ಯಾರು ಒಳ್ಳೆಯವರಲ್ಲ ಅನ್ನುವುದನ್ನು ಅದು ಓದುವವರ ಊಹೆಗೆ ಬಿಡುತ್ತದೆ. ಬದಲಿಗೆ ಕಣ್ಣಿಗೆ ಕಾಣುವುದನ್ನು ಬರೆಯಿರಿ. ಬೀದಿ ದೀಪ ಇದೆ, ರಾತ್ರಿ ವಾಹನ ಕಡಿಮೆ, ಶಾಲೆ 600 ಮೀಟರ್ ದೂರ.

ಕೊನೆಗೆ ಬರೆದದ್ದನ್ನು ಒಮ್ಮೆ ಜೋರಾಗಿ ಓದಿ, 'ಇಂಥವರಿಗೆ' ಎಂದು ಹೇಳುವ ಸಾಲುಗಳನ್ನೆಲ್ಲ ಹೊಡೆದು ಹಾಕಿ. ಅಲ್ಲಿ ಖಾಲಿಯಾದ ಜಾಗಕ್ಕೆ ನೀರು ಎಷ್ಟು ಹೊತ್ತು ಬರುತ್ತದೆ, ವಾಹನ ಎಲ್ಲಿ ನಿಲ್ಲಿಸಬಹುದು ಅನ್ನುವುದನ್ನು ಸೇರಿಸಿ.