ಹರಾಜಿನ ಪೊಲೀಸ್ ಬುಲೆಟ್: ವೈರಿಂಗ್ ಕೀಳದೆ ಸರಿಮಾಡಿದ ಕಥೆ

ಪೊಲೀಸ್ ಹರಾಜಿನ ಗಾಡಿ ತಂದರೆ ಮೊದಲು ಇಡೀ ವೈರಿಂಗ್ ಕಿತ್ತು ಹೊಸ ಕಿಟ್ ಹಾಕಿಸಬೇಕು ಅನ್ನೋದು ವಿಜಯಪುರದಲ್ಲಿ ನಾನು ಕೇಳಿದವರೆಲ್ಲರ ಮಾತು. "ಇದರಾಗ ಕೈ ಹಾಕಬ್ಯಾಡ್ರಿ ಸರ್, ತಲಿ ಕೆಡ್ತದ" ಅಂದ ಒಬ್ಬ ಎಲೆಕ್ಟ್ರಿಷಿಯನ್. ಕಿಟ್ಟು, ಮಜೂರಿ ಸೇರಿ ಐದು ಸಾವಿರ ಕೇಳಿದ. ನಾನು ಕೀಳಲಿಲ್ಲ.

ಗಾಡಿ 12 ವೋಲ್ಟಿನ ಬುಲೆಟ್ 350. ಸೈರನ್, ಮಿಣುಕು ದೀಪ ಎಲ್ಲ ಹರಾಜಿಗೆ ಮೊದಲೇ ಬಿಚ್ಚಿಕೊಂಡಿದ್ದರು. ಅವುಗಳ ವೈರಿಗೆ ಟೇಪ್ ಸುತ್ತಿ ಹಾಗೇ ಬಿಟ್ಟಿದ್ದರು. ಕಾಟ ಒಂದೇ: ನಾಲ್ಕೈದು ದಿನ ನಿಲ್ಲಿಸಿದರೆ ಬ್ಯಾಟರಿ ಖಾಲಿ. ಗ್ಯಾರೇಜಿನವರ ಮಾತು ಕೇಳಿ 14 ಆಂಪಿಯರ್-ಅವರ್‌ನ ಹೊಸ ಬ್ಯಾಟರಿ ಹಾಕಿಸಿದೆ, ಎರಡು ಸಾವಿರದ ಮೇಲೆ ಹೋಯಿತು. ಆಮೇಲೆ ಆರ್.ಆರ್. ಯೂನಿಟ್ (ಚಾರ್ಜಿಂಗ್ ಹದದಲ್ಲಿಡುವ ರೆಗ್ಯುಲೇಟರ್-ರೆಕ್ಟಿಫೈಯರ್) ಅಂದರು, ಇನ್ನೊಂದು ಏಳೆಂಟು ನೂರು. ಫಲ ಸೊನ್ನೆ.

ಕರೆಂಟು ಸೋರುತ್ತಿದೆಯಾ ಅಂತ ಬ್ಯಾಟರಿಯ ಮೈನಸ್ ಬಿಚ್ಚಿ ನಡುವೆ ಮೀಟರ್ ಇಟ್ಟರೆ ಗ್ಯಾರೇಜಿನಲ್ಲಿ ಏನೂ ತೋರಿಸುತ್ತಿರಲಿಲ್ಲ. ಎಲ್ಲರೂ ಸೋತದ್ದು ಅಲ್ಲೇ. ಗ್ಯಾರೇಜಿನಲ್ಲಿ ಹ್ಯಾಂಡಲ್ ನೇರ ಇರುತ್ತದೆ, ಮನೆಯಲ್ಲಿ ಎಡಕ್ಕೆ ತಿರುಗಿಸಿ ಲಾಕ್ ಮಾಡುತ್ತೇವೆ ಅಲ್ವಾ? ಮೀಟರ್ ಇಟ್ಟುಕೊಂಡೇ ಹ್ಯಾಂಡಲ್ ಎಡಕ್ಕೆ ತಿರುಗಿಸಿದೆ. ಸೀಟಿನ ಕೆಳಗೆ ಎಲ್ಲೋ "ಟಕ್" ಅಂತು. ಮೀಟರ್ ಸುಮಾರು 150 ಮಿಲಿ ಆಂಪಿಯರ್ ತೋರಿಸಿತು. ನೇರ ಮಾಡಿದರೆ ಮತ್ತೆ ಟಕ್, ಸೊನ್ನೆ.

ಅದು ಸೈರನ್ ರಿಲೇ, ಅಂದರೆ ಸಣ್ಣ ಕರೆಂಟು ಕೊಟ್ಟರೆ ದೊಡ್ಡ ಕರೆಂಟಿಗೆ ದಾರಿ ಬಿಡುವ ಸ್ವಿಚ್ಚು. ಅದರ ಕಾಯಿಲಿನ ಎರಡು ಪಿನ್ನುಗಳಲ್ಲಿ 86ಕ್ಕೆ ಬ್ಯಾಟರಿಯಿಂದ ನೇರ ಪ್ಲಸ್, 85ಕ್ಕೆ ಹ್ಯಾಂಡಲ್ ಬಟನ್ನಿಂದ ಅರ್ಥ್ (ಮೈನಸ್). ಆ ಬಟನ್ ವೈರು ಟ್ಯಾಂಕಿನ ಮುಂದೆ, ಸ್ಟೀರಿಂಗ್ ಹೆಡ್ ಹತ್ತಿರ ತಿಕ್ಕಿ ತಿಕ್ಕಿ ತಾಮ್ರ ಕಾಣುತ್ತಿತ್ತು. ಎಡಕ್ಕೆ ತಿರುಗಿದಾಗ ಮಾತ್ರ ಫ್ರೇಮಿಗೆ ತಾಗುತ್ತಿತ್ತು. ಫ್ರೇಮೇ ಅರ್ಥ್, ಹಾಗಾಗಿ ಬಟನ್ ಒತ್ತಿದ ಹಾಗೆ ರಿಲೇ ಆನ್ ಆಗುತ್ತಿತ್ತು. ಕೂಗೋಕೆ ಸೈರನ್ನೇ ಇಲ್ಲ, ಹಾಗಾಗಿ ಯಾರಿಗೂ ಗೊತ್ತಾಗಿಲ್ಲ. ದಿನಕ್ಕೆ ಮೂರೂವರೆ ಆಂಪಿಯರ್-ಅವರ್ ಸುಮ್ನೆ ಸೋರಿ ಹೋಗುತ್ತಿತ್ತು.

ಪೊಲೀಸರು ಸೇರಿಸಿದ ವೈರುಗಳನ್ನಷ್ಟೇ ಬೇರೆ ಮಾಡಿಕೊಂಡೆ. ಯಾವುದು ಕಂಪನಿಯದು, ಯಾವುದು ಆಮೇಲೆ ಬಂದದ್ದು ಅಂತ ಬಣ್ಣ ನೋಡದೆ ಹೇಳುವ ಉಪಾಯ ನನ್ನ ಹತ್ತಿರ ಇದೆ. ಅದು ಇಲ್ಲಿ ಬೇಡ, ಮನೆಗೆ ಬಂದರೆ ಚಹಾ ಜೊತೆ ತೋರಿಸುತ್ತೇನೆ.

ಸೈರನ್ನಿನ ದಪ್ಪ ವೈರು ಮುಂದಿನ ಕ್ರಾಶ್ ಗಾರ್ಡ್ ತನಕ ಬಂದಿತ್ತು. ಬಿಸಾಡಲು ಮನಸ್ಸು ಬರಲಿಲ್ಲ. ಸೈರನ್ನಿನದೊಂದು, ಮಿಣುಕು ದೀಪದ್ದೊಂದು, ಎರಡು ರಿಲೇ ಕೈಯಲ್ಲೇ ಇದ್ದವು. ಒಂದನ್ನು ಹೆಡ್‌ಲೈಟಿನ ಹೈ ಬೀಮಿಗೆ, ಒಂದನ್ನು ಲೋ ಬೀಮಿಗೆ ಕೊಟ್ಟೆ. ಈಗ ಬಲ್ಬಿನ ಕರೆಂಟು ಬ್ಯಾಟರಿಯಿಂದ ಆ ದಪ್ಪ ವೈರಿನಲ್ಲೇ ಬರುತ್ತದೆ, ಹ್ಯಾಂಡಲ್ ಸ್ವಿಚ್ಚಿಗೆ ರಿಲೇ ಆನ್ ಮಾಡುವಷ್ಟೇ ಕೆಲಸ. ಬ್ಯಾಟರಿ ಹತ್ತಿರವೇ 15 ಆಂಪಿಯರ್ ಫ್ಯೂಸ್. ಮೊದಲು ಬಲ್ಬಿನ ಹೋಲ್ಡರಿನಲ್ಲಿ 11 ವೋಲ್ಟ್ ಚಿಲ್ಲರೆ ಬರುತ್ತಿತ್ತು, ಈಗ ಎಂಜಿನ್ನಿನ ಅದೇ ರೇಸಿನಲ್ಲಿ 13ರ ಹತ್ತಿರ ಇದೆ. ಅದೇ ಹಳೆ 60/55 ವ್ಯಾಟ್ ಬಲ್ಬು! ರಾತ್ರಿ ಸೊಲ್ಲಾಪುರದ ಕಡೆ ಹೋದರೆ ವ್ಯತ್ಯಾಸ ಗೊತ್ತಾಗುತ್ತದೆ.

ನಡುವೆ ಎಲ್ಇಡಿ ಇಂಡಿಕೇಟರ್ ಹುಚ್ಚೂ ಹತ್ತಿತ್ತು. ಇಂಡಿಕೇಟರ್ ಮಿನುಗಿಸುವ ಹಳೆ ಫ್ಲ್ಯಾಷರಿಗೆ ಲೋಡ್ ಸಾಲದೆ ಅವು ನೆಟ್ಟಗೆ ಮಿನುಗಲೇ ಇಲ್ಲ. ಎಲೆಕ್ಟ್ರಾನಿಕ್ ಫ್ಲ್ಯಾಷರಿಗೆ ಇನ್ನೂರು ಹಾಕಿದ ಮೇಲೆ ಸರಿಯಾಯಿತು. ಆದರೆ ಮಧ್ಯಾಹ್ನದ ಬಿಸಿಲಿಗೆ ಅವು ಕಾಣೋದೇ ಇಲ್ಲ, ವಾಪಸ್ ಬಲ್ಬಿಗೇ ಬಂದೆ.

ಖಾಲಿ ಬ್ರಾಕೆಟ್ಟಿಗೆ ಮಲ್ಟಿಟೋನ್ ಹಾರ್ನ್ ಹಾಕಿ ಅಂತ ಓಣಿ ಹುಡುಗರದು ಒಂದೇ ವರಾತ. ಕೇಂದ್ರ ಮೋಟಾರು ವಾಹನ ನಿಯಮ 119 ಅದಕ್ಕೆ ಬಿಡುವುದಿಲ್ಲ. ಸೈರನ್ ಬಟನ್ ಮಾತ್ರ ಉಳಿಸಿಕೊಂಡೆ. ಅರ್ಥ್ ಕೊಡುತ್ತಿದ್ದ ಅದಕ್ಕೆ ಇಗ್ನಿಷನ್ನಿನ ಪ್ಲಸ್ ಕೊಟ್ಟು ಹೈ ಬೀಮ್ ರಿಲೇಗೆ ಜೋಡಿಸಿದೆ. ಈಗ ಅದು ಪಾಸ್ ಸ್ವಿಚ್, ಒತ್ತಿದರೆ ಹೈ ಬೀಮ್ ಮಿಂಚುತ್ತದೆ. ವೈರು, ಫ್ಯೂಸ್, ಲಗ್ಗು ಎಲ್ಲ ಸೇರಿ ಈ ಕೆಲಸಕ್ಕೆ ಆರು ನೂರೂ ದಾಟಲಿಲ್ಲ.