ಮಗುವಿನ ಗೊರಕೆ: ರಾತ್ರಿಯ ದಾಖಲೆ ಹೀಗಿರಲಿ

ವಾರದಲ್ಲಿ ಮೂರು ರಾತ್ರಿಯಾದರೂ ಗೊರಕೆ, ಬಾಯಿ ತೆರೆದು ಕತ್ತು ಹಿಂದಕ್ಕೆ ಚಾಚಿ ಮಲಗುವುದು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು: ಇವು ಕಂಡರೆ ಮಗುವಿಗೆ ನಿದ್ದೆಯಲ್ಲಿ ಉಸಿರು ಕಟ್ಟುತ್ತಿರಬಹುದು. ಹೆಚ್ಚಿನವರಲ್ಲಿ ಕಾರಣ ದಪ್ಪಗಾದ ಟಾನ್ಸಿಲ್, ಅಡಿನಾಯ್ಡ್ (ಮೂಗಿನ ಹಿಂಭಾಗದ ಗ್ರಂಥಿ). ಆದರೆ ಟಾನ್ಸಿಲ್ ಗಾತ್ರ ನೋಡಿ ತೊಂದರೆ ಎಷ್ಟೆಂದು ಹೇಳಲಾಗದು. ರಾತ್ರಿಯನ್ನೇ ನೋಡಬೇಕು.

ಮೊದಲು ಫೋನಿನಲ್ಲಿ ವಿಡಿಯೊ ತೆಗೆಯಿರಿ. ಮಗು ಮಲಗಿದ ಕೂಡಲೇ ತೆಗೆದರೆ ಏನೂ ಸಿಗದಿರಬಹುದು. ಮಕ್ಕಳಿಗೆ ಉಸಿರು ಕಟ್ಟುವುದು ಹೆಚ್ಚಾಗಿ ಕನಸಿನ ನಿದ್ದೆಯಲ್ಲಿ, ಅದು ಜಾಸ್ತಿ ಬರುವುದು ಬೆಳಗಿನ ಜಾವ. 3ರಿಂದ 5 ಗಂಟೆಯ ನಡುವೆ ಹೊದಿಕೆ ಸರಿಸಿ, ಅಂಗಿ ಮೇಲೆತ್ತಿ, ಮುಖದಿಂದ ಹೊಟ್ಟೆಯವರೆಗೆ ಕಾಣುವಂತೆ ಫೋನ್ ಇಡಿ. ಸದ್ದು ಮಾಡುವ ಫ್ಯಾನ್ ನಿಲ್ಲಿಸಿ. ಉಸಿರು ಕಟ್ಟಿದಾಗ ಗೊರಕೆ ಥಟ್ಟನೆ ನಿಲ್ಲುತ್ತದೆ, ಎದೆ-ಹೊಟ್ಟೆ ಮಾತ್ರ ಒದ್ದಾಡುತ್ತಲೇ ಇರುತ್ತವೆ. ಗಂಟಲ ಕೆಳಗಿನ ಗುಳಿ ಒಳಕ್ಕೆ ಸೆಳೆಯುತ್ತದೆ, ಆಮೇಲೆ ಒಂದು ಏದುಸಿರು, ಒಂದು ಹೊರಳು. ವೈದ್ಯರಿಗೆ ಬೇಕಿರುವುದು ಈ ಅರ್ಧ ನಿಮಿಷ.

ಮುಂದಿನದು ರಾತ್ರಿಯಿಡೀ ಆಮ್ಲಜನಕದ ದಾಖಲೆ. ಮನೆಯಲ್ಲಿರುವ ಬೆರಳಿಗೆ ಕಚ್ಚುವ ಆಕ್ಸಿಮೀಟರ್ ಇದಕ್ಕೆ ಸಾಲದು. ದಾಖಲೆ ಉಳಿಸಿಕೊಳ್ಳುವ ಯಂತ್ರ ಬೇಕು, ಅದರ ಸರಾಸರಿ ಅವಧಿಯನ್ನು (ಎಷ್ಟು ಸೆಕೆಂಡಿನ ಅಳತೆಗಳ ಸರಾಸರಿ ತೋರಿಸುತ್ತದೆ ಎಂಬುದನ್ನು) 3 ಸೆಕೆಂಡಿಗಿಂತ ಹೆಚ್ಚಿಸಬಾರದು. ಅವಧಿ ಉದ್ದವಾದಷ್ಟೂ ಸಣ್ಣ ಕುಸಿತಗಳು ಮುಚ್ಚಿಹೋಗುತ್ತವೆ. ಸೆನ್ಸರನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿ, ಮೇಲೆ ಕಾಲುಚೀಲ ಹಾಕಿ. ಉಗುರುಬಣ್ಣ ಅಳಿಸಿರಬೇಕು. ನೆಗಡಿ, ಜ್ವರವಿದ್ದರೆ ಮುಂದೂಡಿ. ಕಾಲು ಒದ್ದಾಗಲೂ ರೇಖೆ ಕುಸಿಯುತ್ತದೆ. ಆಗ ನಾಡಿಯ ಅಲೆಯೂ ಕೆಟ್ಟಿರುತ್ತದೆ, ಅದನ್ನು ಎಣಿಸಬಾರದು. ಗರಗಸದ ಹಲ್ಲಿನಂಥ ಕುಸಿತಗಳ ಗೊಂಚಲು ಮೂರು ಅಥವಾ ಹೆಚ್ಚಿದ್ದು, 90%ಕ್ಕಿಂತ ಕೆಳಗೆ ಕನಿಷ್ಠ ಮೂರು ಸಲ ಇಳಿದಿದ್ದರೆ ರೋಗ ಇರುವುದು ಬಹುಪಾಲು ಖಚಿತ. ದಾಖಲೆಯಲ್ಲಿ ಕುಸಿತ ಕಾಣಲಿಲ್ಲವೆಂದು ಮಾತ್ರ ದಯವಿಟ್ಟು ನಿಶ್ಚಿಂತರಾಗಬೇಡಿ. ಎಷ್ಟೋ ಮಕ್ಕಳು ಆಮ್ಲಜನಕ ಇಳಿಯುವ ಮೊದಲೇ ಅರೆ ಎಚ್ಚರಗೊಂಡು ಉಸಿರೆಳೆದುಕೊಳ್ಳುತ್ತಾರೆ. ಲಕ್ಷಣಗಳಿದ್ದರೆ ಮುಂದಿನ ಪರೀಕ್ಷೆ ಬೇಕೇ ಬೇಕು.

ಅದು ಪಾಲಿಸೋಮ್ನೋಗ್ರಫಿ, ಅಂದರೆ ರಾತ್ರಿಯಿಡೀ ನಡೆಯುವ ನಿದ್ದೆಯ ಪರೀಕ್ಷೆ. ಮಿದುಳಿನ ಅಲೆ, ಕಣ್ಣಿನ ಚಲನೆ, ಮೂಗಿನ ಗಾಳಿ, ಎದೆ-ಹೊಟ್ಟೆಯ ಪಟ್ಟಿ, ಇಸಿಜಿ, ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಎಲ್ಲವೂ ಒಟ್ಟಿಗೆ ದಾಖಲಾಗುತ್ತವೆ. ತಂದೆ ಅಥವಾ ತಾಯಿ ಪಕ್ಕದಲ್ಲೇ ಮಲಗಬೇಕು.

ಎಡವಟ್ಟಾಗುವುದು ವರದಿಯಲ್ಲಿ. ದೊಡ್ಡವರಿಗೆ 10 ಸೆಕೆಂಡು ಉಸಿರು ನಿಂತರೆ ಒಂದು ಸಲವೆಂದು ಲೆಕ್ಕ, ಗಂಟೆಗೆ ಇಂಥವು 5ರೊಳಗಿದ್ದರೆ ಸಹಜ. ಮಕ್ಕಳಿಗೆ ಎರಡು ಉಸಿರಿನಷ್ಟು ಹೊತ್ತು ಕಟ್ಟಿದರೂ ಲೆಕ್ಕವೇ; ಗಂಟೆಗೆ 1 ದಾಟಿದರೆ ಅಸಹಜ, 5 ದಾಟಿದರೆ ಮಧ್ಯಮ, 10 ದಾಟಿದರೆ ತೀವ್ರ. ಮಕ್ಕಳ ನಿಯಮದಲ್ಲೇ ಎಣಿಸಿದ್ದೀರಾ ಎಂದು ಕೇಳಿ. ಟಾನ್ಸಿಲ್, ಅಡಿನಾಯ್ಡ್ ತೆಗೆಯುವ ಶಸ್ತ್ರಚಿಕಿತ್ಸೆ ನಿಗದಿಯಾದರೆ ವರದಿಯನ್ನು ಅರಿವಳಿಕೆ ವೈದ್ಯರಿಗೂ ತೋರಿಸಿ. ಗಂಟೆಯ ಲೆಕ್ಕ 10 ಮುಟ್ಟಿದ್ದರೆ ಅಥವಾ ಆಮ್ಲಜನಕ 80%ಕ್ಕಿಂತ ಕೆಳಗಿಳಿದಿದ್ದರೆ ಮಗುವನ್ನು ಆ ರಾತ್ರಿ ಆಸ್ಪತ್ರೆಯಲ್ಲೇ ಇರಿಸಿಕೊಳ್ಳುತ್ತಾರೆ.